ಹೊಸದು ಕೊಡಿ, ಹಳೆಯದಕ್ಕೆ ಯಾಕೆ ಕೈ ಹಾಕಿದ್ರಿ?

ಇವತ್ತು ರಾಜಕೀಯ ಪಕ್ಕಕ್ಕಿಟ್ಟು ಒಂದು ವಿಡಿಯೋ ಗೇಮ್ ವಿಚಾರ ಮಾತಾಡೋಣ. ಮಕ್ಕಳಾಟ ಅಂತ ಚಾನೆಲ್ ಬದಲಾಯಿಸಬೇಡಿ. ದುಡ್ಡು ಕೊಟ್ಟು ತಗೊಂಡಿದ್ದು ನಮ್ಮದಾ, ಅಲ್ವಾ ಅನ್ನೋ ಪ್ರಶ್ನೆ ಇದು.

ಅಮೆರಿಕದ ಬ್ಲಿಝಾರ್ಡ್ ಕಂಪನಿ 2002ರಲ್ಲಿ 'ವಾರ್‌ಕ್ರಾಫ್ಟ್ 3' ಅನ್ನೋ ಗೇಮ್ ತಂತು. ಚಿನ್ನ ಅಗೀಬೇಕು, ಮರ ಕಡೀಬೇಕು, ಕೋಟೆ ಕಟ್ಟಿ ಸೈನ್ಯ ನಡೆಸಬೇಕು. ಜೊತೆಗೆ ಒಂದು ಮ್ಯಾಪ್ ಎಡಿಟರ್ ಕೊಟ್ಟಿದ್ರು. ಆಡೋರು ತಮ್ಮದೇ ರಣರಂಗ ಕಟ್ಟಬಹುದಿತ್ತು. ಹಾಗೆ ಹವ್ಯಾಸಿ ಹುಡುಗರು ಕಟ್ಟಿದ್ದೇ 'ಡೋಟಾ'. ಅದರ ಮುಂದಿನ ಭಾಗ 'ಡೋಟಾ 2' ತಂದು ದುಡ್ಡು ಮಾಡಿದ್ದು ಮಾತ್ರ ಬೇರೆ ಕಂಪನಿ, ವಾಲ್ವ್. ಬ್ಲಿಝಾರ್ಡ್‌ನವರಿಗೆ ಅದು ಎಷ್ಟು ಉರಿದಿರಬೇಕು ನೋಡಿ!

2018ರಲ್ಲಿ 'ರಿಫೋರ್ಜ್ಡ್' ಅನ್ನೋ ಹೊಸ ರೂಪದ ಘೋಷಣೆ ಆಯ್ತು. ಕಥೆಯ ದೃಶ್ಯಗಳನ್ನ ಸಿನಿಮಾ ಥರ ತೋರಿಸ್ತೀವಿ ಅಂದ್ರು, ವೇದಿಕೆ ಮೇಲೆ ಒಂದು ತುಣುಕನ್ನೂ ತೋರಿಸಿದ್ರು. 2020ರ ಜನವರಿ 28ಕ್ಕೆ ಗೇಮ್ ಬಂತು, ಆ ದೃಶ್ಯಗಳು ಬರಲಿಲ್ಲ. ಹಳೆಯದರಲ್ಲಿದ್ದ ರ‍್ಯಾಂಕಿಂಗ್ ಪಟ್ಟಿ, ಕ್ಲಾನ್ ವ್ಯವಸ್ಥೆ ಕೂಡ ಇರಲಿಲ್ಲ. ಮೆಟಾಕ್ರಿಟಿಕ್‌ನಲ್ಲಿ ಆಟಗಾರರು ಕೊಟ್ಟಿದ್ದು 10ಕ್ಕೆ ಒಂದಕ್ಕಿಂತ ಕಮ್ಮಿ ಅಂಕ.

ಸರಿ, ಕೆಟ್ಟ ಗೇಮ್‌ಗಳು ಬರ್ತಾನೇ ಇರ್ತವೆ. ತಗೋಬೇಡಿ, ಮುಗೀತು. ಇಲ್ಲಿ ಹಾಗೆ ಮುಗೀಲಿಲ್ಲ. ಹಳೇ ಗೇಮ್ ಇಟ್ಟುಕೊಂಡವನು ಕಂಪನಿಯ ಸರ್ವರ್‌ನಲ್ಲಿ ಆಡೋಕೆ ಹೋದ್ರೆ ಸುಮಾರು 30 ಜಿಬಿ ಅಪ್‌ಡೇಟ್ ಇಳಿಸಿಕೊಳ್ಳಲೇಬೇಕಿತ್ತು. ಇಳಿಸಿದ ಮೇಲೆ ಅವನ ಹಳೇ ಗೇಮ್‌ನಲ್ಲೂ ಆ ಸೌಲಭ್ಯಗಳು ಆಗ ಮಾಯ ಆಗಿದ್ವು! ಇನ್ನು ನೀವು ಎಡಿಟರ್‌ನಲ್ಲಿ ಏನೇ ಕಟ್ಟಿದ್ರೂ ಅದರ ಹಕ್ಕು ಕಂಪನಿಯದ್ದು ಅಂತ ನಿಯಮ ಬೇರೆ. ಡೋಟಾ ಕೈತಪ್ಪಿದ ಪಾಠ ಚೆನ್ನಾಗೇ ಕಲಿತಿದ್ರು.

ಇವರಿಗೆ ಸರಿಯಾಗಿ ಮಾಡೋದು ಗೊತ್ತಿರಲಿಲ್ಲವಾ? ಗೊತ್ತಿತ್ತು ಸ್ವಾಮಿ. ಇದೇ ಕಂಪನಿ 1998ರ 'ಸ್ಟಾರ್‌ಕ್ರಾಫ್ಟ್' ಅನ್ನೋ ಗೇಮ್‌ನ 2017ರಲ್ಲಿ ಹೊಸದು ಮಾಡ್ತು. ಹಳೆಯದನ್ನ ಜಗತ್ತಿಗೆಲ್ಲ ಉಚಿತವಾಗಿ ಕೊಡ್ತು. ಹೊಸ ಚಿತ್ರ ಬೇಕಾದವರು ಮಾತ್ರ ದುಡ್ಡು ಕೊಡಿ ಅಂತು. ಅದರಲ್ಲಿ ಎಫ್5 ಒತ್ತಿದ್ರೆ ಹಳೇ ಚಿತ್ರ, ಮತ್ತೆ ಒತ್ತಿದ್ರೆ ಹೊಸದು. ಮೂರೇ ವರ್ಷದಲ್ಲಿ ಆ ಬುದ್ಧಿ ಎಲ್ಲಿ ಹೋಯ್ತು?

ಗಲಾಟೆ ಜೋರಾದ ಮೇಲೆ, ರಿಫೋರ್ಜ್ಡ್ ಬೇಡ ಅಂದವರಿಗೆ ಕಂಪನಿ ದುಡ್ಡು ವಾಪಸ್ ಕೊಡ್ತು. ಆದರೆ 2002ರಲ್ಲಿ ಸಿಡಿ ತಗೊಂಡವನು ಏನು ವಾಪಸ್ ಕೇಳಬೇಕು? ಅವನು ಹೊಸದನ್ನ ಕೊಂಡೇ ಇರಲಿಲ್ಲವಲ್ಲ.