ಥಾರ್ ಮರುಭೂಮಿಯ ಬನ್ನಿ ಮರ



ವಿಜಯದಶಮಿಯಂದು ಎಲೆ ಹಂಚಿ ‘ಬಂಗಾರ’ವೆಂದು ಭಾವಿಸುವ ನಮ್ಮ ನಾಡಿನ ಬನ್ನಿಯೇ ರಾಜಸ್ಥಾನದ ಖೇಜಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಥಾರ್ ಮರುಭೂಮಿಯ ಜೈಸಲ್ಮೇರಿನಲ್ಲಿ 200 ಮಿ.ಮೀ. ಬಿದ್ದರೆ ಅದೇ ಒಳ್ಳೆಯ ವರ್ಷ. ಅಂಥ ನೆಲದ ಸಸ್ಯಗಳನ್ನು ‘ಗಟ್ಟಿಜೀವ’ವೆಂದು ಹೊಗಳಿ ಸುಮ್ಮನಾಗುವುದು ವಾಡಿಕೆ. ಅದು ಅರ್ಧಸತ್ಯ. ಅವುಗಳ ಬದುಕು ಬಹು ಬಿಗಿಯಾದ ನೀರಿನ ಲೆಕ್ಕದ ಮೇಲೆ ನಿಂತಿದೆ. ಲೆಕ್ಕ ತಪ್ಪಿದರೆ ಅವೂ ಸಾಯುತ್ತವೆ.

ಎಲೆಯ ಪತ್ರರಂಧ್ರ ತೆರೆಯದೆ ಇಂಗಾಲದ ಡೈಆಕ್ಸೈಡ್ ಒಳಸೇರದು. ತೆರೆದರೆ ಒಳಗಿನ ನೀರು ಆವಿಯಾಗುತ್ತದೆ. ಎಲ್ಲ ಹಸಿರು ಗಿಡಗಳಿಗೂ ಇರುವ ಈ ಇಕ್ಕಟ್ಟು ಮರುಭೂಮಿಯಲ್ಲಿ ಪ್ರಾಣಸಂಕಟ. ಥಾರ್‌ನ ಕರೀರವು ಎಲೆಯ ಗೊಡವೆಯನ್ನೇ ಬಹುಮಟ್ಟಿಗೆ ಬಿಟ್ಟು, ಹಸಿರು ಕಡ್ಡಿಗಳಲ್ಲೇ ಆಹಾರ ತಯಾರಿಸುತ್ತದೆ. ಎಕ್ಕದ ಎಲೆಗೆ ಮೇಣದ ಲೇಪವಿದೆ. ಅಮೆರಿಕದ ಮರುಭೂಮಿಗಳ ಪಾಪಾಸುಕಳ್ಳಿ ರಾತ್ರಿಯಷ್ಟೇ ರಂಧ್ರ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಬಳಸುತ್ತದೆ. ಬನವಾಸಿ ಸೀಮೆಯ ಅನಾನಸ್ ಕೂಡ ಇದೇ ಉಪಾಯ ಬಲ್ಲದು! ಇನ್ನು, ಮರುಭೂಮಿಯ ಎಷ್ಟೋ ಬೀಜಗಳಲ್ಲಿ ಮೊಳಕೆ ತಡೆಯುವ ರಾಸಾಯನಿಕಗಳಿವೆ. ತುಂತುರು ಮಳೆಗೆ ಅವು ತೊಳೆದುಹೋಗುವುದಿಲ್ಲ. ಗಿಡದ ಬಾಳಿಗೆ ಸಾಲುವಷ್ಟು ಮಳೆ ಬಂದಾಗಲೇ ಬೀಜ ಕಣ್ತೆರೆಯುತ್ತದೆ.

ಖೇಜಡಿಯ ಮಾರ್ಗ ಬೇರೆ. ಅದರ ಸಸಿ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದು ಅತ್ಯಲ್ಪ, ದುಡಿಮೆಯೆಲ್ಲ ತಾಯಿಬೇರಿನದು. ಬೆಳೆದ ಮರದ ಬೇರು 30 ಮೀಟರಿಗೂ ಆಳಕ್ಕೆ ಇಳಿದುದು ದಾಖಲಾಗಿದೆ. ಆದ್ದರಿಂದಲೇ ಸುತ್ತಲ ನೆಲ ಕಾದ ಬಾಣಲೆಯಂತಿರುವಾಗಲೂ ಅದು ಚಿಗುರಿ, ಹೂಬಿಟ್ಟು, ಕಾಯಿ ತಳೆಯುತ್ತದೆ. ಮೇಲ್ಮಣ್ಣಿನ ನೀರಿಗೆ ಹೆಚ್ಚು ಪೈಪೋಟಿ ಮಾಡದ ಕಾರಣ ಅದರ ನೆರಳಿನಲ್ಲಿ ಸಜ್ಜೆ ಸೊಗಸಾಗಿ ಬರುತ್ತದೆ. ಉದುರಿದ ಎಲೆ ಸಾರಜನಕ ಕೊಡುತ್ತದೆ. ಎಳೆಯ ಕಾಯಿ ‘ಸಾಂಗ್ರಿ’ ಎಂಬ ತರಕಾರಿ, ಸೊಪ್ಪು ಮೇಕೆ-ಒಂಟೆಗಳ ಮೇವು. 1868-69ರ ಕ್ಷಾಮದಲ್ಲಿ ಜನರು ತೊಗಟೆಯನ್ನೇ ಬೀಸಿ ತಿಂದು ಜೀವ ಹಿಡಿದರು. 1730ರಲ್ಲಿ ಖೇಜಡಲಿಯಲ್ಲಿ ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಈ ಮರವನ್ನಪ್ಪಿ ಪ್ರಾಣ ತೆತ್ತ ಕಥೆಯನ್ನು ಅಪ್ಪಿಕೋ ಕಂಡ ಈ ಸೀಮೆಯಲ್ಲಿ ವಿವರಿಸಬೇಕಿಲ್ಲ.

ಇಂಥ ಮರ ಈಗ ಪಶ್ಚಿಮ ರಾಜಸ್ಥಾನದ ಹೊಲಗಳಲ್ಲಿ ನಿಂತಲ್ಲೇ ಒಣಗುತ್ತಿದೆ. ಬರಗಾಲ ಅದಕ್ಕೆ ಹೊಸತಲ್ಲ. ಹೊಸತಾದುದು ಕೊಳವೆಬಾವಿ, ಅಂತರ್ಜಲ ಬೇರಿನ ಕೈಗೆಟುಕದಷ್ಟು ಕೆಳಗಿಳಿದಿದೆ. ಸೊಪ್ಪಿನ ಬೆಟ್ಟವುಳ್ಳವರಿಗೆ ಅರ್ಥವಾಗುವ ಇನ್ನೊಂದು ಕಾರಣವೂ ಇದೆ: ಚಳಿಗಾಲದಲ್ಲಿ ಒಂದು ಕುಡಿಯನ್ನೂ ಬಿಡದೆ, ವರ್ಷವರ್ಷವೂ ಸವರಿದ ಮರಕ್ಕೆ ಬೇರು ಸಾಕಲು ಆಹಾರವೆಲ್ಲಿಂದ? ಸೊರಗಿದ ಬೇರಿಗೆ ಕೊರೆಯುವ ಹುಳು, ಅದರ ಹಿಂದೆ ಶಿಲೀಂಧ್ರ. ಹುಳುವಿಗೆ ಔಷಧಿ ಹೊಯ್ಯುವುದು ಸುಲಭ, ನೀರು ಮೇಲೆತ್ತುವುದನ್ನು ತಗ್ಗಿಸುವುದು ಕಷ್ಟ. ಹೀಗಾಗಿ ಚರ್ಚೆಯೆಲ್ಲ ಹುಳುವಿನದೇ. ಸೌರವಿದ್ಯುತ್ ಸ್ಥಾವರಗಳಿಗಾಗಿ ಖೇಜಡಿ ಕಡಿಯುವುದರ ವಿರುದ್ಧವೂ ಇತ್ತೀಚಿನ ವರ್ಷಗಳಲ್ಲಿ ಬಿಷ್ಣೋಯಿಗಳು ಮತ್ತೆ ಬೀದಿಗಿಳಿದಿದ್ದಾರೆ.

ಸತ್ತ ಮರದ ಜಾಗದಲ್ಲಿ ಸಸಿ ತಾನಾಗಿ ಹುಟ್ಟುವುದೂ ವಿರಳವಾಗಿದೆ. ಒಂಟೆಯ ನೇಗಿಲು ಹೂಡುತ್ತಿದ್ದ ರೈತನು ಗೇಣುದ್ದದ ಖೇಜಡಿ ಕಂಡರೆ ಬಳಸಿ ಹೋಗಬಹುದಿತ್ತು. ಟ್ರ್ಯಾಕ್ಟರ್ ಅದನ್ನು ಬೇರುಸಹಿತ ಮಗುಚಿಹಾಕುತ್ತದೆ.