ಐರಿಷ್ ಹಾಡು ಮತ್ತು ಕಥೋಲಿಕ ಭಕ್ತಿ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಎರಡು-ಮೂರು ವಾರಗಳ ಅಧ್ಯಯನಕ್ಕೆಂದು ವಿದ್ಯಾರ್ಥಿಗಳು ಐರ್ಲೆಂಡಿಗೆ ಹೋಗಿಬರುವ ಏರ್ಪಾಡುಗಳು ಈಗ ಉಂಟು. ಹಾಗೆ ಹೋದವರು ಸಂಗೀತವನ್ನು ಪಬ್ಬುಗಳಲ್ಲಿಯೂ ಧರ್ಮವನ್ನು ಚರ್ಚುಗಳಲ್ಲಿಯೂ ಬೇರೆ ಬೇರೆಯಾಗಿ ಹುಡುಕುವುದು ಸಹಜ. ಆದರೆ ಅವೆರಡೂ ಒಂದೇ ಮನೆಯ ಮಕ್ಕಳು; ಜಗಳವಾಡುತ್ತಲೇ ಒಟ್ಟಿಗೆ ಬೆಳೆದವು. ಇಷ್ಟನ್ನು ತಿಳಿದು ಹೋದರೆ ಅಲ್ಪಕಾಲದ ಪ್ರವಾಸವೂ ಸಾರ್ಥಕವಾದೀತು.

ಸತ್ತವರ ಮನೆಯಲ್ಲಿ ಹೆಂಗಸರು ರಾಗವೆತ್ತಿ ಅಳುವುದು ಅಲ್ಲಿನ ಹಳೆಯ ಪದ್ಧತಿ. ಹದಿನೇಳನೆಯ ಶತಮಾನದಿಂದ ಚರ್ಚಿನ ಸಭೆಗಳು ಅದನ್ನು ಮತ್ತೆ ಮತ್ತೆ ಖಂಡಿಸಿದವು. ಕ್ರಮೇಣ ಪದ್ಧತಿ ಅಳಿಯಿತು. ಆದರೆ ‘ಮೂವರು ಮೇರಿಯರ ಪ್ರಲಾಪ’ ಎಂಬ ಐರಿಷ್ ಹಾಡಿನಲ್ಲಿ, ಶಿಲುಬೆಗೇರಿದ ಮಗನಿಗಾಗಿ ತಾಯಿ ಮೇರಿಯೇ ಹಾಗೆ ಅಳುತ್ತಾಳೆ. ಪಾದ್ರಿಗಳು ಬೇಡವೆಂದ ಅಳುವನ್ನು ಜನರು ದೇವಮಾತೆಯ ಬಾಯಲ್ಲಿಟ್ಟು ಉಳಿಸಿಕೊಂಡರು. ಕಾನಮಾರ ಸೀಮೆಯ ಗಾಯಕರು ಇದನ್ನು ಪಕ್ಕವಾದ್ಯವಿಲ್ಲದೆ ಹಾಡುತ್ತಾರೆ.

ಕುಣಿತಕ್ಕೂ ಇಂಥದೇ ಕಷ್ಟ ಬಂದಿತು. ಸಾರ್ವಜನಿಕ ನರ್ತನಕ್ಕೆ ಪರವಾನಗಿ ಬೇಕೆಂದು 1935ರಲ್ಲಿ ಕಾಯಿದೆಯಾಯಿತು. ಅದರ ಹಿಂದೆ ಬಿಷಪ್ಪರ ಒತ್ತಾಯವಿತ್ತು. ಹಳ್ಳಿಯ ಮನೆಗಳಲ್ಲಿ ಪಿಟೀಲು ನುಡಿಸಿ ಕುಣಿಯುವ ರೂಢಿಗೆ ಇದರಿಂದ ಪೆಟ್ಟು ಬಿದ್ದಿತು.

ಮುಂದೆ ಚರ್ಚೇ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಬಲಿಪೂಜೆಯ ಭಾಷೆ ಲ್ಯಾಟಿನ್. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರಿನಲ್ಲಿ ದೇಶಭಾಷೆಗಳಿಗೂ ಎಡೆ ಕೊಟ್ಟಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ್ದ ಶಾನ್ ಓ ರಿಯಾಡ ಎಂಬವರು ಕಾರ್ಕ್ ಸೀಮೆಯ ಕೂಲೇ ಎಂಬ ಐರಿಷ್ ಮಾತಿನ ಹಳ್ಳಿಯಲ್ಲಿ ನೆಲಸಿ, ಊರ ಗಂಡಸರನ್ನೇ ಕೂಡಿಸಿ ಗಾಯನಮಂಡಲಿ ಕಟ್ಟಿದರು. ಐರಿಷ್ ಭಾಷೆಯ ಪೂಜೆಗೆ ನಾಡಹಾಡಿನ ಧಾಟಿಯಲ್ಲಿ ಸಂಗೀತ ರಚಿಸಿದರು. 1971ರಲ್ಲಿ, ನಲವತ್ತರ ವಯಸ್ಸಿನಲ್ಲೇ ಅವರು ತೀರಿಕೊಂಡರು. ಮಂಡಲಿಯನ್ನು ಮಗ ಪೆದರ್ ಮುಂದುವರಿಸಿದರು.

ಇನ್ನೊಂದು ಮಾತನ್ನು ಮರೆಮಾಚಬಾರದು. ಚರ್ಚಿನ ಆಶ್ರಯದ ಸಂಸ್ಥೆಗಳಲ್ಲಿ ಮಕ್ಕಳಿಗಾದ ಹಿಂಸೆಯನ್ನು 2009ರ ವಿಚಾರಣಾ ಆಯೋಗದ ವರದಿ ಬಯಲುಮಾಡಿತು. ಭಾನುವಾರದ ಪೂಜೆಗೆ ಬರುವವರು ಹಿಂದಿಗಿಂತ ಬಹಳ ಕಡಿಮೆ. ಆದುದರಿಂದ ನಂಬಿಕೆಯ ಬಗೆಗೆ ಪ್ರಶ್ನೆ ಕೇಳುವಾಗ, ಎದುರಿಗಿರುವವರಿಗೆ ನೋವಿದ್ದೀತೆಂಬ ಎಚ್ಚರ ಬೇಕು. ಮೊದಲು ಕೇಳಬೇಕಾದುದು ಹಾಡನ್ನು. ಆಮೇಲೆ, ಅದನ್ನು ಯಾರಿಂದ ಕಲಿತಿರೆಂದು. ಆ ಉತ್ತರದಲ್ಲಿ ಅಜ್ಜಿಯೂ ಬರುತ್ತಾಳೆ, ಊರೂ ಬರುತ್ತದೆ, ದೇವರೂ ಬರಬಹುದು.

ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳಬೇಕಾದ ನಮಗೂ ಇದರಲ್ಲಿ ಪಾಠವಿದೆ. ಅಳುವಾಗಲೂ ಕೈಮುಗಿಯುವಾಗಲೂ ನಾಲಗೆಗೆ ಬರುವ ಭಾಷೆ ಸುಲಭವಾಗಿ ಅಳಿಯದು.