ಬೇಕುಗಳ ಅಳತೆ

ಮೊನ್ನೆ ದರ್ಶನಕ್ಕೆ ಬಂದವರನ್ನು, 'ನಿಮಗೇನು ಬೇಕು?' ಎಂದು ನಾವು ಕೇಳಿದೆವು. ರೈತನೊಬ್ಬ, 'ಅಜ್ಜಾರ, ಪಂಪ್‌ಸೆಟ್ಟಿಗೆ ಹಗಲು ಹೊತ್ತು ಕರೆಂಟು ಬೇಕ್ರಿ' ಎಂದ. ಹುಡುಗನೊಬ್ಬ ಎಂದೂ ಒಡೆಯದ ಬಲೂನು ಕೇಳಿದ. ಕೌದಿ ಹೊಲಿಯುವ ವೃದ್ಧೆಯೊಬ್ಬಳು, 'ದಾರ ತಾನೇ ಪೋಣಿಸಿಕೊಳ್ಳೋ ಸೂಜಿ ಬೇಕ್ರಿ' ಎಂದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು.

ಬೇಕೆನ್ನುವುದೆಲ್ಲ ಪಾಪವಲ್ಲ. ಆವಶ್ಯಕತೆ ಬೇರೆ, ತೃಷ್ಣೆ ಬೇರೆ. ೧೨ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಸತಿ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಅಕ್ಕಿ ಬೇಡವೆಂದಲ್ಲ, ಅಳತೆ ಮೀರಬಾರದೆಂದು.

ಆ ವೃದ್ಧೆಯ ಬೇಕು ಅಳತೆ ಮೀರಿದ್ದಲ್ಲ. ಕೈ ಇನ್ನೂ ಕಾಯಕ ಬಿಟ್ಟಿಲ್ಲ, ಕಣ್ಣು ಮಾತ್ರ ಮಂಜಾಗಿದೆ. 'ಮನೆಯಲ್ಲಿ ಮೊಮ್ಮಕ್ಕಳಿಲ್ಲವೇ ತಾಯಿ?' ಎಂದೆವು. 'ಅದಾವ್ರಿ, ಕರದ್ರ ಬರೂದಿಲ್ಲ' ಎಂದಳು. ನಮ್ಮ ನಗೆ ಅಲ್ಲಿಗೇ ನಿಂತಿತು.

ಸುಲಭವಾಗಿ ದಾರ ಪೋಣಿಸಬಹುದಾದ ಸೂಜಿ ಈಗ ಪೇಟೆಯಲ್ಲಿ ದೊರೆಯುತ್ತದೆ. ಕರೆದರೆ ಬರುವ ಮೊಮ್ಮಗ ಪೇಟೆಯಲ್ಲಿ ದೊರೆಯುವುದಿಲ್ಲ. ನಿಮ್ಮ ಬೇಕುಗಳನ್ನು ಎಣಿಸುವ ಮೊದಲು, ಈ ರಾತ್ರಿ ಮನೆಯ ಹಿರಿಯರಿಗೆ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಕೊಡಿರಿ. ಎಲ್ಲರಿಗೂ ಮಂಗಳವಾಗಲಿ.